ಹತ್ತುವಾಗ ಇಲ್ಲದ ಮಂಡಿನೋವು ಇಳಿಯುವಾಗ ಯಾಕೆ?

ಪ್ರಶ್ನೆ: ನನಗೆ 46 ವರ್ಷ. ಹುಟ್ಟಿದ್ದು ಧಾರವಾಡ, ಹದಿನೆಂಟು ವರ್ಷದಿಂದ ಪುಣೆಯ ವಾಕಡ್‌ನಲ್ಲಿದ್ದೇನೆ. ಐಟಿ ಕೆಲಸ, ದಿನಕ್ಕೆ ಎಂಟೊಂಬತ್ತು ತಾಸು ಕುರ್ಚಿಯಲ್ಲೇ. ತೂಕ 68 ಕೆಜಿ. ಮೂರು ವರ್ಷದಿಂದ ಸೈಕಲ್ ಓಡಿಸುತ್ತಿದ್ದೇನೆ. ಭಾನುವಾರ ಬೋಪದೇವ ಘಾಟ್ ಅಥವಾ ಸಿಂಹಗಡದ ಡಾಂಬರು ರಸ್ತೆ ಹತ್ತುತ್ತೇನೆ, ದಮ್ಮಿಗೇನೂ ಕೊರತೆ ಇಲ್ಲ. ಹೋದ ವರ್ಷ ಗೆಳತಿಯರ ಜೊತೆ ಚಾರಣ ಶುರು ಮಾಡಿದೆ. ಹತ್ತುವಾಗ ಎಲ್ಲರಿಗಿಂತ ಮುಂದೆ ನಾನೇ. ಆದರೆ ರಾಜಗಡದಿಂದ ಗುಂಜವಣೆ ಕಡೆಗೆ ಇಳಿಯುವಾಗ ಅರ್ಧ ದಾರಿಯಲ್ಲಿ ಎಡಮಂಡಿಯ ಮುಂಭಾಗ ಚುಚ್ಚಲು ಶುರುವಾಯಿತು. ಕೊನೆಕೊನೆಗೆ ಕೂತು ಜಾರುತ್ತಾ ಇಳಿದೆ. ನಾಲ್ಕು ದಿನ ತೊಡೆ ಹಿಡಿದುಕೊಂಡು ಮನೆಯ ಮೆಟ್ಟಿಲೂ ಇಳಿಯಲಾಗಲಿಲ್ಲ. ತೋರಣಾದಲ್ಲೂ ಹಾಗೇ ಆಯಿತು. ಸಪಾಟು ನೆಲದಲ್ಲಿ, ಸೈಕಲ್ ಮೇಲೆ ನೋವಿಲ್ಲ. ಉದ್ದದ ಮೀಟಿಂಗ್ ಮುಗಿಸಿ ಎದ್ದಾಗ ಮಂಡಿ ಸ್ವಲ್ಪ ಹಿಡಿದಂತಾಗುತ್ತದೆ. ಕೂತು ಏಳುವಾಗ ಕಟಕಟ ಸದ್ದು ಬರುತ್ತದೆ. ಎಕ್ಸ್‌ರೇ ತೆಗೆಸಿದೆ. "ಸವೆತ ಶುರುವಾಗಿದೆ, ಗುಡ್ಡ ಹತ್ತೋದು ಬಿಡಿ" ಎಂದರು. ಚಾರಣದ ಗುಂಪಿನವರು ನೀಕ್ಯಾಪ್ ಹಾಕ್ಕೋ, ಹೊರಡುವ ಮೊದಲು ಒಂದು ನೋವಿನ ಮಾತ್ರೆ ತಗೋ ಅನ್ನುತ್ತಾರೆ. ನಮ್ಮ ಅವ್ವನಿಗೆ 64ನೇ ವಯಸ್ಸಿಗೆ ಎರಡೂ ಮಂಡಿ ಬದಲಿಸಿದ್ದಾರೆ. "ಸಾಕ್ ಮಾಡವಾ ಗುಡ್ಡ ಹತ್ತೂದು, ನನ್ನ ಗತಿ ನೋಡಿಲ್ಲೇನ?" ಅಂತ ದಿನಾ ಫೋನಿನಲ್ಲಿ ಹೇಳುತ್ತಾಳೆ. ಡಿಸೆಂಬರಿನಲ್ಲಿ ಕಳಸೂಬಾಯಿ, ಮುಂದಿನ ಜೂನ್ ಕೊನೆಗೆ ಹಿಮಾಚಲದ ಹಂಪ್ತಾ ಪಾಸ್ ಎಂದು ಆಸೆ ಇಟ್ಟುಕೊಂಡಿದ್ದೇನೆ. ಬಿಡಬೇಕಾ? ಹೋದರೆ ಮಂಡಿ ಹಾಳಾಗುತ್ತದಾ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಭಯ ಇವೆ. ಮಂಡಿ ಸವೆದು ಹೋಗುತ್ತಿದೆಯಾ ಅನ್ನುವುದು ಒಂದು. ಅವ್ವನ ದಾರಿಯಲ್ಲೇ ನಾನೂ ಹೋಗುತ್ತಿದ್ದೇನಾ ಅನ್ನುವುದು ಇನ್ನೊಂದು. ಓದಿದಾಗ ನನಗೆ ಎರಡನೆಯದೇ ದೊಡ್ಡದು ಅನ್ನಿಸಿತು. ಪುಣೆಯಲ್ಲಿ ಫಿಸಿಯೋಥೆರಪಿ ಮಾಡುತ್ತಾ 22 ವರ್ಷ ಆಯಿತು, ಅಷ್ಟೇ ವರ್ಷದಿಂದ ಸಹ್ಯಾದ್ರಿಯಲ್ಲಿ ತಿರುಗುತ್ತಿದ್ದೇನೆ. ಮಳೆಗಾಲ ಮುಗಿಯುತ್ತಿದ್ದಂತೆ ನನ್ನ ಕ್ಲಿನಿಕ್ಕಿಗೆ ಬರುವವರಲ್ಲಿ ನಿಮ್ಮಂಥವರು ಬಹಳ ಜನ. ಹತ್ತುವಾಗ ಜೋರು, ಇಳಿಯುವಾಗ ಅಳು.

ಮಂಡಿಯನ್ನು ಕೈಯಲ್ಲಿ ಹಿಡಿದು ನೋಡದೆ ಕೊನೆಯ ಮಾತು ಹೇಳಲಾಗದು. ಆದರೂ ನೀವು ಬರೆದದ್ದನ್ನೆಲ್ಲ ಜೋಡಿಸಿದರೆ ಚಿತ್ರ ಸಾಕಷ್ಟು ಸ್ಪಷ್ಟವಾಗಿದೆ. ನೋವು ಮಂಡಿಯ ಮುಂದೆ. ಇಳಿಯುವಾಗ ಜಾಸ್ತಿ. ತುಂಬಾ ಹೊತ್ತು ಮಡಚಿ ಕೂತು ಎದ್ದಾಗ ಹಿಡಿತ. ಸಪಾಟು ನೆಲದಲ್ಲಿ ಏನೂ ಇಲ್ಲ. ಊತದ ಬಗ್ಗೆ ನೀವು ಬರೆದಿಲ್ಲ. ಇದು ಮಂಡಿಚಿಪ್ಪು ಮತ್ತು ತೊಡೆ ಎಲುಬು ಕೂಡುವ ಜಾಗಕ್ಕೆ ಅಭ್ಯಾಸವಿಲ್ಲದ ಹೊರೆ ಬಿದ್ದಾಗ ಬರುವ ನೋವು. ನಿಮ್ಮ ಕಾಲಿಗೆ ಹತ್ತುವುದು ಗೊತ್ತು, ಇಳಿಯುವುದು ಇನ್ನೂ ಗೊತ್ತಿಲ್ಲ. ಇವೆರಡೂ ಬೇರೆ ಬೇರೆ ಕೆಲಸ.

ಅದು ಹೇಗೆ ಬೇರೆ? ಅಟ್ಟದ ಮೇಲಿನ ಜೋಳದ ಚೀಲವನ್ನು ಹಗ್ಗ ಕಟ್ಟಿ ನಿಧಾನಕ್ಕೆ ಕೆಳಗಿಳಿಸಿದ್ದನ್ನು ನೆನಪಿಸಿಕೊಳ್ಳಿ. ಹಗ್ಗ ಕೈಯಿಂದ ಜಾರುತ್ತಿರುತ್ತದೆ, ನೀವು ತಡೆಯುತ್ತಿರುತ್ತೀರಿ. ಅಂಗೈ ಉರಿಯುವುದು ಚೀಲ ಮೇಲೆಳೆಯುವಾಗ ಅಲ್ಲ, ಹೀಗೆ ತಡೆದು ತಡೆದು ಬಿಡುವಾಗ. ಇಳಿಜಾರಿನಲ್ಲಿ ನಿಮ್ಮ ತೊಡೆಯ ಮುಂಭಾಗದ ಸ್ನಾಯು ಮಾಡುವುದು ಇದೇ ಕೆಲಸ. ಹತ್ತುವಾಗ ಅದು ಕುಗ್ಗಿ ದೇಹವನ್ನು ಮೇಲೆತ್ತುತ್ತದೆ. ಇಳಿಯುವಾಗ ಹಿಗ್ಗುತ್ತಾ ಹಿಗ್ಗುತ್ತಾ ದೇಹದ ಭಾರಕ್ಕೆ ಬ್ರೇಕ್ ಹಾಕುತ್ತದೆ. ಹಿಗ್ಗುತ್ತಾ ತಡೆಯುವ ಈ ಕೆಲಸದಲ್ಲೇ ಸ್ನಾಯುವಿನ ಎಳೆಗಳಿಗೆ ಸಣ್ಣ ಸಣ್ಣ ಪೆಟ್ಟು ಬೀಳುವುದು. ರಾಜಗಡದ ನಂತರ ನಾಲ್ಕು ದಿನ ನಿಮ್ಮ ತೊಡೆ ಹಿಡಿದುಕೊಂಡಿತಲ್ಲ, ಅದರ ಮೂಲ ಇದೇ. ಮರುದಿನ ಶುರುವಾಗಿ, ಎರಡು ಮೂರನೇ ದಿನ ಏರಿ, ತಾನಾಗಿ ಇಳಿಯುವ ನೋವು. ಅದರಿಂದ ಹೆದರಬೇಕಿಲ್ಲ.

ಇದರ ಜೊತೆಗೆ ಮಂಡಿಚಿಪ್ಪಿನ ಲೆಕ್ಕ ಇದೆ. ಸಪಾಟು ನೆಲದಲ್ಲಿ ನಡೆಯುವಾಗ ಚಿಪ್ಪಿನ ಹಿಂದೆ ಬೀಳುವ ಒತ್ತಡ ನಿಮ್ಮ ತೂಕದ ಅರ್ಧದಷ್ಟು. ಮೆಟ್ಟಿಲಿನ ಮೇಲೆ ಅದು ತೂಕದ ಮೂರು ಪಟ್ಟಿಗೂ ಮೇಲೆ ಹೋಗುತ್ತದೆ. ಅಂದರೆ ನಿಮ್ಮ ಮಟ್ಟಿಗೆ ಒಂದೊಂದು ಹೆಜ್ಜೆಗೆ ಸುಮಾರು 200 ಕೆಜಿ. ಮಂಡಿ ಮಡಚಿದಷ್ಟೂ ಒತ್ತಡ ಹೆಚ್ಚು. ತೊಡೆಯ ಸ್ನಾಯು ಗಟ್ಟಿ ಇದ್ದು ಹೆಜ್ಜೆಯನ್ನು ಮೆತ್ತಗೆ ಇಳಿಸಿದರೆ ಕೀಲಿಗೆ ಇದು ಕಷ್ಟವಲ್ಲ. ಸ್ನಾಯು ಸುಸ್ತಾಗಿ ಕೈಬಿಟ್ಟ ಮೇಲೆ ಪ್ರತಿ ಹೆಜ್ಜೆಯೂ ದಪ್ ದಪ್ ಎಂದು ನೇರ ಕೀಲಿಗೇ ಬೀಳುತ್ತದೆ. ನಿಮಗೆ ನೋವು ಶುರುವಾದದ್ದು ಅರ್ಧ ದಾರಿಯಲ್ಲಿ. ಮೊದಲರ್ಧ ತೊಡೆ ಕಾಪಾಡಿದೆ.

"ಮೂರು ವರ್ಷ ಸೈಕಲ್ ಹೊಡೆದಿದ್ದೇನೆ, ತೊಡೆ ಗಟ್ಟಿ ಇಲ್ವಾ?" ಎಂದು ನೀವು ಕೇಳಬಹುದು. ಗಟ್ಟಿ ಇದೆ, ಆದರೆ ತಳ್ಳುವುದಕ್ಕೆ ಮಾತ್ರ. ಪೆಡಲ್ ತುಳಿಯುವಾಗ ಸ್ನಾಯು ಕುಗ್ಗಿ ತಳ್ಳುತ್ತದೆ. ಮೇಲೆ ಬರುವ ಪೆಡಲ್ ಅನ್ನು ತಡೆಯುವ ಕೆಲಸ ಅದಕ್ಕಿಲ್ಲ. ಬೋಪದೇವ ಘಾಟ್ ಇಳಿಯುವಾಗ ಬ್ರೇಕ್ ಹಾಕುವುದು ನಿಮ್ಮ ಬೆರಳು, ತೊಡೆಗೆ ವಿಶ್ರಾಂತಿ. ಹಾಗಾಗಿ ನೂರು ಕಿಲೋಮೀಟರ್ ಸೈಕಲ್ ಹೊಡೆಯುವವರೂ ತೋರಣಾ ಇಳಿದ ಮರುದಿನ ಮೆಟ್ಟಿಲ ಮುಂದೆ ನಿಂತು ಯೋಚಿಸುತ್ತಾರೆ. ಹೃದಯ, ಶ್ವಾಸಕೋಶ ಎರಡೂ ತಯಾರಾಗಿರುವುದರಿಂದ ಹತ್ತುವಾಗ ನೀವು ಎಲ್ಲರಿಗಿಂತ ಮುಂದೆ. ಅದೇ ವೇಗದ ಹುಮ್ಮಸ್ಸಿನಲ್ಲಿ ಇಳಿಯಲು ಹೊರಟಾಗ ಕಾಲು ಮೋಸ ಹೋಗುತ್ತದೆ.

ನಮ್ಮ ಈ ಕಡೆಯ ಗುಡ್ಡಗಳ ನೆಲವೂ ಸುಲಭದ್ದಲ್ಲ. ಸಹ್ಯಾದ್ರಿ ಲಾವಾ ಪದರ ಪದರವಾಗಿ ಹರಿದು ಹೆಪ್ಪುಗಟ್ಟಿದ ಕಪ್ಪುಕಲ್ಲು. ಒಂದು ಕಡಿದಾದ ಗೋಡೆ, ಮೇಲೆ ಒಂದು ಸಪಾಟು, ಮತ್ತೆ ಗೋಡೆ. ಹಾಗಾಗಿ ಇಲ್ಲಿನ ದಾರಿ ಉದ್ದಕ್ಕೂ ಒಂದೇ ಸಮ ಇಳಿಯುವುದಿಲ್ಲ, ಮೊಣಕಾಲೆತ್ತರದ ಕಲ್ಲುಗಳಿಂದ ಧಡಾರನೆ ಇಳಿಯುತ್ತದೆ. ನಡುನಡುವೆ ಪುಡಿಗಲ್ಲು. ಮರಾಠಿ ಚಾರಣಿಗರು ಇದಕ್ಕೆ ‘ಘಸಾರಾ’ ಅನ್ನುತ್ತಾರೆ. ಕಾಲಿಟ್ಟರೆ ಕಾಳು ಚೆಲ್ಲಿದ ನೆಲದ ಮೇಲೆ ಇಟ್ಟಂತೆ. ಅದರ ಮೇಲೆ ಹೆದರಿ ಹೆದರಿ ಹಿಂದಕ್ಕೆ ವಾಲಿ ಇಳಿದರೆ ತೊಡೆಗೆ ಇನ್ನೂ ದುಪ್ಪಟ್ಟು ಕೆಲಸ.

ಇಳಿಯುವುದನ್ನು ನಾನು ಕಾಲೇಜಿನಲ್ಲಿ ಕಲಿಯಲಿಲ್ಲ, ಸಿಂಹಗಡದಲ್ಲಿ ಕಲಿತೆ. ಸಂಜೆ ಮೊಸರು ಮಾರಿ ಮುಗಿಸಿದ ಒಬ್ಬ ಮಾವಶಿ, ಅಂದರೆ ಮರಾಠಿಯ ಚಿಕ್ಕವ್ವ, ಗಡದ ಬುಡದ ಆತ್ಕರವಾಡಿ ಕಡೆಗೆ ಇಳಿಯುತ್ತಿದ್ದರು. ತಲೆಯ ಮೇಲೆ ಬುಟ್ಟಿ, ಕಾಲಲ್ಲಿ ಸವೆದ ಪ್ಲಾಸ್ಟಿಕ್ ಚಪ್ಪಲಿ. ನಾನು ಹಿಂದೆಯೇ ನಡೆದೆ. ಅವರ ಒಂದು ಹೆಜ್ಜೆ ಒಂದು ಗೇಣಿಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ನಾನು ಒಂದೇ ಸಲಕ್ಕೆ ಇಳಿಯುತ್ತಿದ್ದ ಕಲ್ಲನ್ನು ಅವರು ಪಕ್ಕದ ಸಣ್ಣ ಕಲ್ಲು ಹುಡುಕಿ ಎರಡು ಹೆಜ್ಜೆಯಲ್ಲಿ ಇಳಿಯುತ್ತಿದ್ದರು. ಮಂಡಿ ಎಲ್ಲೂ ನೆಟ್ಟಗೆ ಲಾಕ್ ಆಗುತ್ತಿರಲಿಲ್ಲ, ಎಲ್ಲೂ ಜಾಸ್ತಿ ಮಡಚುತ್ತಲೂ ಇರಲಿಲ್ಲ. ಪಾದ ಪೂರ್ತಿ ನೆಲಕ್ಕೆ ತಾಗುತ್ತಿತ್ತು, ಸದ್ದೇ ಇಲ್ಲ. ನನ್ನ ಶೂ ಮಾತ್ರ ಕಲ್ಲಿಗೆ ಕುಟ್ಟುತ್ತಿತ್ತು. ಅವತ್ತಿನಿಂದ ನನ್ನ ಬಳಿ ಬರುವವರಿಗೆಲ್ಲ ಹೇಳುತ್ತೇನೆ: ಇಳಿಯುವಾಗ ನಿಮ್ಮ ಹೆಜ್ಜೆಯ ಸದ್ದು ನಿಮಗೆ ಕೇಳುತ್ತಿದ್ದರೆ ಹೆಜ್ಜೆ ದೊಡ್ಡದಾಗಿದೆ.

ಈಗ ನಿಮಗೆ ಬಂದ ಸಲಹೆಗಳಿಗೆ ಬರೋಣ.

ಕಟಕಟ ಸದ್ದು. ನೋವಿಲ್ಲದ, ಊತವಿಲ್ಲದ ಸದ್ದಿಗೆ ತಲೆ ಕೆಡಿಸಿಕೊಳ್ಳಬೇಡಿ. ಗಟ್ಟಿಮುಟ್ಟಾದ ಮಂಡಿಗಳೂ ಸದ್ದು ಮಾಡುತ್ತವೆ.

ಎಕ್ಸ್‌ರೇ. ನಲವತ್ತೈದು ದಾಟಿದ ಮೇಲೆ ಒಂಚೂರೂ ನೋವಿಲ್ಲದವರ ಎಕ್ಸ್‌ರೇ ತೆಗೆದರೂ ಎಷ್ಟೋ ಜನರಲ್ಲಿ ಎಲುಬಿನ ಅಂಚಿನಲ್ಲಿ ಸಣ್ಣ ಮೊನೆ, ಸ್ವಲ್ಪ ಸವೆತ ಕಾಣುತ್ತದೆ. ತಲೆಗೂದಲು ನೆರೆತ ಹಾಗೆ. ಚಿತ್ರದಲ್ಲಿ ಕಂಡದ್ದೇ ನೋವಿನ ಕಾರಣ ಎಂದು ಹೇಳಲಾಗದು. ಎಲುಬಿನ ತುದಿಯ ನುಣುಪಾದ ಹೊದಿಕೆ, ಅಂದರೆ ಕಾರ್ಟಿಲೇಜ್, ಅದಕ್ಕೆ ಸ್ವಂತ ರಕ್ತನಾಳ ಇಲ್ಲ. ಕೀಲಿನೊಳಗಿನ ದ್ರವದಿಂದಲೇ ಅದಕ್ಕೆ ಪೋಷಣೆ. ಸ್ಪಂಜನ್ನು ಒತ್ತಿ ಬಿಟ್ಟ ಹಾಗೆ, ಭಾರ ಬಿದ್ದು ಬಿಟ್ಟು ಆದಾಗಲೇ ದ್ರವ ಒಳಗೆ ಹೊರಗೆ ಹೋಗುವುದು. ಒಂಬತ್ತು ತಾಸು ಕುರ್ಚಿಯಲ್ಲಿ ಕೂತ ಮಂಡಿಗೆ ಇದು ಸಿಗುವುದಿಲ್ಲ. 2017ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ, ಸೊಂಟ ಮತ್ತು ಮಂಡಿಯ ಸವೆತ ಹವ್ಯಾಸಕ್ಕೆ ಓಡುವವರಲ್ಲಿ ನೂರಕ್ಕೆ 3.5, ಓಡದವರಲ್ಲಿ ನೂರಕ್ಕೆ 10.2 ಇತ್ತು. ಪಂದ್ಯಕ್ಕೆಂದೇ ವಿಪರೀತ ಓಡುವವರಲ್ಲಿ ಮಾತ್ರ ಅದು 13.3. ಓಟ ಬೇರೆ, ಚಾರಣ ಬೇರೆ, ಒಪ್ಪುತ್ತೇನೆ. ಆದರೂ ಕೀಲನ್ನು ಬಳಸಿದರೆ ಟಯರಿನಂತೆ ಸವೆಯುತ್ತದೆ ಎನ್ನುವ ಮಾತು ನಿಲ್ಲುವುದಿಲ್ಲ.

ಅವ್ವನ ಮಂಡಿ. ಇದನ್ನು ಸುಳ್ಳು ಭಯ ಎಂದು ತಳ್ಳಿಹಾಕುವುದಿಲ್ಲ. ಮಂಡಿ ಸವೆತದಲ್ಲಿ ಮನೆತನದ ಪಾಲು ಖಂಡಿತ ಇದೆ. ಆದರೆ ತೂಕ, ಹಳೆಯ ಪೆಟ್ಟು, ತೊಡೆಯ ಬಲ, ದಶಕಗಟ್ಟಲೆ ಕುಕ್ಕರಗಾಲಿನಲ್ಲಿ ಕೂತು ಮಾಡಿದ ಕೆಲಸ, ಇವೂ ಅದರೊಳಗೆ ಸೇರಿವೆ. ಇವುಗಳಲ್ಲಿ ತೂಕ ಮತ್ತು ತೊಡೆಯ ಬಲ ನಿಮ್ಮ ಕೈಯಲ್ಲಿವೆ. ಒಂದು ಕಿಲೋ ತೂಕ ಇಳಿಸಿದರೆ ಮಂಡಿಗೆ ಪ್ರತಿ ಹೆಜ್ಜೆಗೆ ಸುಮಾರು ನಾಲ್ಕು ಕಿಲೋ ಹೊರೆ ಇಳಿಯುತ್ತದೆ.

ನೀಕ್ಯಾಪ್ ಬೆಚ್ಚಗಿಡುತ್ತದೆ, ಮನಸ್ಸಿಗೆ ಧೈರ್ಯ ಕೊಡುತ್ತದೆ. ಹಾಕಿಕೊಂಡರೆ ತಪ್ಪಿಲ್ಲ. ಹೊರೆಯನ್ನೇನೂ ಅದು ಹೊರುವುದಿಲ್ಲ. ಕೀಲಿಗೆ ಒಳ್ಳೆಯದೆಂದು ಮಾರುವ ಗ್ಲುಕೋಸಮೈನ್ ಪುಡಿ, ಮಾತ್ರೆಗಳಿಗೆ ದುಡ್ಡು ಹಾಕುವ ಮೊದಲು ಯೋಚಿಸಿ, ದೊಡ್ಡ ಪರೀಕ್ಷೆಗಳಲ್ಲಿ ಅದರಿಂದ ಸ್ಪಷ್ಟ ಲಾಭ ಕಂಡುಬಂದಿಲ್ಲ.

ನೋವಿನ ಮಾತ್ರೆಯ ವಿಷಯದಲ್ಲಿ ಮಾತ್ರ ನಾನು ಗಟ್ಟಿಯಾಗಿ ಹೇಳುತ್ತೇನೆ. ಹೊರಡುವ ಮೊದಲೇ ಡೈಕ್ಲೋಫಿನಾಕ್, ಐಬುಪ್ರೊಫೆನ್ ನುಂಗುವ ಅಭ್ಯಾಸ ಚಾರಣದ ಗುಂಪುಗಳಲ್ಲಿ ಹರಡಿಬಿಟ್ಟಿದೆ. ಬ್ಯಾಗಿನಲ್ಲಿ ಚಿಕ್ಕಿ ಹಂಚಿದ ಹಾಗೆ ಮಾತ್ರೆ ಹಂಚುತ್ತಾರೆ. ಬಿಸಿಲಲ್ಲಿ ನಾಲ್ಕೈದು ತಾಸು ಬೆವರು ಸುರಿದಾಗ ದೇಹದಲ್ಲಿ ನೀರು ಕಡಿಮೆ. ಆಗ ಮೂತ್ರಪಿಂಡಕ್ಕೆ ರಕ್ತ ಸರಿಯಾಗಿ ಹರಿಯಲು ದೇಹ ತನ್ನದೇ ಒಂದು ವ್ಯವಸ್ಥೆ ಮಾಡಿಕೊಂಡಿರುತ್ತದೆ. ಈ ಮಾತ್ರೆಗಳು ಆ ವ್ಯವಸ್ಥೆಯನ್ನೇ ತಡೆಯುತ್ತವೆ. ಮೂತ್ರಪಿಂಡಕ್ಕೆ ನಿಜವಾದ ಅಪಾಯ ಇದೆ. ಖಾಲಿ ಹೊಟ್ಟೆಯಾದರೆ ಹೊಟ್ಟೆ ಹುಣ್ಣಿನ ಭಯವೂ ಇದೆ. ಇನ್ನೊಂದು ವಿಷಯ, ನೋವು ಅನ್ನುವುದು ನಿಮ್ಮ ಹೆಜ್ಜೆ ತಿದ್ದುವ ಸಂಗಾತಿ. ಅದರ ಬಾಯಿ ಮುಚ್ಚಿಸಿದರೆ ನೀವು ಮೊದಲಿನ ವೇಗದಲ್ಲೇ ಇಳಿಯುತ್ತೀರಿ. ಸಂಜೆ ಮನೆಗೆ ಬಂದು, ಊಟ ಮಾಡಿ, ಚೆನ್ನಾಗಿ ನೀರು ಕುಡಿದ ಮೇಲೂ ನೋವು ಹೆಚ್ಚಿದ್ದರೆ ನಿಮ್ಮ ಡಾಕ್ಟರನ್ನು ಕೇಳಿ ಒಂದು ಮಾತ್ರೆ ತೆಗೆದುಕೊಳ್ಳುವುದು ಬೇರೆ ಮಾತು.

ಮುಂದೆ ಹೋಗುವ ಮೊದಲು ಒಂದು ಪರೀಕ್ಷೆ. ನೋವು ಎಲ್ಲಿ ಎಂದು ಬೆರಳಿಟ್ಟು ತೋರಿಸಿ. ಚಿಪ್ಪಿನ ಸುತ್ತಮುತ್ತ ಅಂಗೈ ಆಡಿಸಿ ‘ಇಲ್ಲೆಲ್ಲೋ’ ಎನ್ನುವಂತಿದ್ದರೆ ಮೇಲೆ ಹೇಳಿದ್ದೇ. ಚಿಪ್ಪಿನ ಕೆಳಗಿನ ಗಟ್ಟಿ ನರದಂಥ ಪಟ್ಟಿಯ ಮೇಲೆ ಒಂದೇ ಬೆರಳು ನಿಂತರೆ ಅದು ಸ್ನಾಯುರಜ್ಜುವಿನ ನೋವು. ಹೊರಪಕ್ಕದಲ್ಲಿ, ಪ್ರತಿ ಸಲ ಅಷ್ಟೇ ದೂರ ಇಳಿದ ಮೇಲೆ ಚಾಕು ಆಡಿಸಿದಂತೆ ಶುರುವಾದರೆ ಸೊಂಟದಿಂದ ಮಂಡಿಯವರೆಗೆ ಬರುವ ಪಟ್ಟಿಯ ತೊಂದರೆ ಇರಬಹುದು. ಈ ಮೂರಕ್ಕೂ ಮುಂದೆ ಹೇಳುವ ದಾರಿ ಹೆಚ್ಚುಕಡಿಮೆ ಒಂದೇ. ಆದರೆ ಮಂಡಿ ತಿರುಚಿ ಕೆಲವೇ ತಾಸಿನಲ್ಲಿ ಊದಿಕೊಂಡರೆ, ಮಡಚಿದ್ದು ನೆಟ್ಟಗಾಗದೆ ಸಿಕ್ಕಿಹಾಕಿಕೊಂಡರೆ, ನಡೆಯುವಾಗ ಇದ್ದಕ್ಕಿದ್ದಂತೆ ಕಾಲು ಕುಸಿದರೆ, ರಾತ್ರಿ ಮಲಗಿದಾಗಲೂ ನೋವಿದ್ದರೆ, ಬಿಸಿಯಾಗಿ ಕೆಂಪಾಗಿ ಜ್ವರ ಬಂದರೆ, ಓದುವುದು ನಿಲ್ಲಿಸಿ ಮೂಳೆ ಡಾಕ್ಟರ ಹತ್ತಿರ ಹೋಗಿ.

ಇವು ಯಾವುವೂ ಇಲ್ಲ ಎಂದುಕೊಂಡರೆ ನಿಮ್ಮ ಮುಂದೆ ಮೂರು ದಾರಿ ಇವೆ. ಗುಡ್ಡ ಬಿಟ್ಟುಬಿಡುವುದು ಮೊದಲನೆಯದು. ನೋವು ಹೋಗುತ್ತದೆ, ನಿಜ. ಆದರೆ ತೊಡೆ ಇನ್ನಷ್ಟು ಸೊರಗುತ್ತದೆ, ಆರು ತಿಂಗಳ ನಂತರ ಮನೆಯ ಮೆಟ್ಟಿಲೇ ಗುಡ್ಡವಾಗುತ್ತದೆ. ಅದು ನಾನು ಕಣ್ಣಾರೆ ಕಂಡ ಕಥೆ, ಒಂದಲ್ಲ, ಹತ್ತಾರು. ಎರಡನೆಯದು ಈಗಿನಂತೆಯೇ ನೀಕ್ಯಾಪ್, ಮಾತ್ರೆ ಎಂದು ತಳ್ಳಿಕೊಂಡು ಹೋಗುವುದು. ಹಾಗೆ ಮಾಡಿದವರಲ್ಲಿ ನೋವು ಬೇರೂರಿ, ತಿಂಗಳಲ್ಲಿ ಹೋಗಬೇಕಾದ್ದು ವರ್ಷಗಟ್ಟಲೆ ಉಳಿಯುತ್ತದೆ. ಮೂರನೆಯದು ಎಂಟು ವಾರ ದೊಡ್ಡ ಇಳಿತಗಳನ್ನು ಮುಂದೂಡಿ, ಇಳಿಯುವುದನ್ನೇ ಅಭ್ಯಾಸ ಮಾಡುವುದು. ಇದರಲ್ಲೂ ಅಪಾಯ ಇಲ್ಲ ಎಂದಲ್ಲ. ಆತುರಪಟ್ಟು ಎರಡನೇ ವಾರದಲ್ಲೇ ಎಂಟನೇ ವಾರದ್ದು ಮಾಡಿದರೆ ನೋವು ಜಾಸ್ತಿಯೇ ಆಗುತ್ತದೆ. ಆದರೂ ನಾನು ಹೇಳುವುದು ಇದನ್ನೇ. ಇಂಜೆಕ್ಷನ್ ಯಾರಾದರೂ ಹೇಳಿದರೆ ನಿಮ್ಮ ಹಂತಕ್ಕೆ ಅದು ಬೇಕಿಲ್ಲ.

ಶುರು ಮಾಡುವುದು ಮನೆಯ ಮೆಟ್ಟಿಲಿನಿಂದ. ಕೆಳಗಿನ ಮೆಟ್ಟಿಲ ಮೇಲೆ ಎಡಗಾಲಿನಲ್ಲಿ ನಿಲ್ಲಿ, ಗೋಡೆಗೆ ಒಂದು ಬೆರಳು ತಾಗಿಸಿಕೊಳ್ಳಿ. ಬಲಗಾಲನ್ನು ಮುಂದೆ ಗಾಳಿಯಲ್ಲಿ ಬಿಡಿ. ಈಗ ಎಡಮಂಡಿಯನ್ನು ನಿಧಾನ ಮಡಚುತ್ತಾ, ಒಂದು, ಎರಡು, ಮೂರು ಎಂದು ಎಣಿಸುತ್ತಾ ಬಲ ಹಿಮ್ಮಡಿಯನ್ನು ನೆಲಕ್ಕೆ ಮುಟ್ಟಿಸಿ. ಭಾರ ಹಾಕಬೇಡಿ, ಮೊಟ್ಟೆಯ ಮೇಲೆ ಕಾಲಿಟ್ಟಷ್ಟು ಹಗುರ. ಮತ್ತೆ ಮೇಲೆ. ಕನ್ನಡಿ ಇದ್ದರೆ ಎದುರಿಗಿಟ್ಟುಕೊಳ್ಳಿ. ಇಳಿಯುವಾಗ ಮಂಡಿ ಒಳಕ್ಕೆ, ಹೆಬ್ಬೆರಳಿನ ಆಚೆಗೆ ವಾಲುತ್ತಿದ್ದರೆ ಸೊಂಟದ ಪಕ್ಕದ ಸ್ನಾಯು ಸೋತಿದೆ ಎಂದರ್ಥ. ಬಹಳಷ್ಟು ಜನರಲ್ಲಿ ವಾಲುತ್ತದೆ. ಮಂಡಿ ಎರಡನೇ ಬೆರಳಿನ ನೇರಕ್ಕೆ ಇರಲಿ. ಎಂಟು ಸಲ, ಮೂರು ಸುತ್ತು, ಎರಡೂ ಕಾಲಿಗೆ, ವಾರಕ್ಕೆ ಮೂರು ದಿನ. ಇದರ ಜೊತೆ ಒಂದು ಬದಿಗೆ ಮಲಗಿ ಮೇಲಿನ ಕಾಲನ್ನು ಎತ್ತುವುದು, ಹಿಮ್ಮಡಿ ಎತ್ತಿ ನಿಧಾನ ಇಳಿಸುವುದು, ಅಷ್ಟು ಸಾಕು. ಮಾಡುವಾಗ ನೋವು ಹತ್ತಕ್ಕೆ ಮೂರರವರೆಗೆ ಇದ್ದರೆ ಪರವಾಗಿಲ್ಲ, ಮರುದಿನ ಬೆಳಿಗ್ಗೆಗೆ ಮೊದಲಿನಂತಾಗಿರಬೇಕು. ಆಗಿಲ್ಲದಿದ್ದರೆ ಮೆಟ್ಟಿಲಿನ ಬದಲು ಒಂದು ದಪ್ಪ ಪುಸ್ತಕದಷ್ಟು ಎತ್ತರ ಸಾಕು.

ವಾಕಡ್‌ನಲ್ಲಿ ಎತ್ತರದ ಕಟ್ಟಡಗಳಿಗೇನು ಬರ ಇಲ್ಲ, ಅಲ್ವಾ? ಎಲ್ಲರೂ ವ್ಯಾಯಾಮ ಎಂದು ಮೆಟ್ಟಿಲು ಹತ್ತಿ ಲಿಫ್ಟಿನಲ್ಲಿ ಇಳಿಯುತ್ತಾರೆ. ನೀವು ತಿರುಗಿಸಿ. ಲಿಫ್ಟಿನಲ್ಲಿ ಹೋಗಿ, ನಡೆದು ಇಳಿಯಿರಿ. ಮೂರನೇ ವಾರದಿಂದ ನಾಲ್ಕು ಮಹಡಿ, ಆಮೇಲೆ ಎಂಟು, ಆಮೇಲೆ ಎರಡು ಸಲ. ಐದನೇ ವಾರದಿಂದ ಶನಿವಾರಕ್ಕೊಮ್ಮೆ ಪರ್ವತಿ ಗುಡ್ಡದ ಮೆಟ್ಟಿಲು ಅಥವಾ ವೇತಾಳ ಟೇಕಡಿ. ಏಳನೇ ವಾರ ಆತ್ಕರವಾಡಿಯಿಂದ ಸಿಂಹಗಡ, ಆದರೆ ಇಳಿಯುವಾಗ ಬೇಕಾದಷ್ಟು ಹೊತ್ತು ತೆಗೆದುಕೊಂಡು. ಅವತ್ತು ಮಂಡಿ ತಕರಾರು ತೆಗೆದರೆ ಗಡದ ಮೇಲೆ ಜೀಪು ಹಿಡಿದು ಇಳಿಯಲು ನಾಚಿಕೆ ಬೇಡ. ಸ್ನಾಯುವಿಗೆ ಒಂದು ಒಳ್ಳೆ ಗುಣ ಇದೆ. ಒಮ್ಮೆ ಒಂದು ಸಣ್ಣ ಇಳಿತ ಮಾಡಿ ನೋಯಿಸಿಕೊಂಡರೆ, ಮುಂದಿನ ಕೆಲವು ವಾರ ಅದೇ ಕೆಲಸಕ್ಕೆ ಅಷ್ಟು ನೋಯುವುದಿಲ್ಲ. ಹಾಗಾಗಿ ಕಳಸೂಬಾಯಿಗೆ ಹತ್ತು ಹನ್ನೆರಡು ದಿನ ಮೊದಲು ಸಿಂಹಗಡದ ಒಂದು ಇಳಿತ ಇರಲೇಬೇಕು.

ಗುಡ್ಡದ ಮೇಲೆ ಏನು ಮಾಡಬೇಕು? ಆ ಮಾವಶಿಯ ಹೆಜ್ಜೆ ನೆನಪಿಡಿ. ಹಿಂದಕ್ಕೆ ವಾಲಬೇಡಿ, ಎದೆ ಸ್ವಲ್ಪ ಮುಂದಿರಲಿ. ಘಸಾರಾದಲ್ಲಿ ಪಾದವನ್ನು ಓರೆ ಇಟ್ಟು ಅಡ್ಡಡ್ಡ ಇಳಿಯಿರಿ. ಪಾಚಿಗಲ್ಲಿನ ಮೇಲೆ ಪೂರ್ತಿ ಪಾದ ಊರಿ, ಹಿಮ್ಮಡಿ ಒಂದನ್ನೇ ನಂಬಬೇಡಿ. ಎರಡು ಚಾರಣದ ಕೋಲು ಕೊಳ್ಳಿ, ಒಂದಲ್ಲ. 25 ಡಿಗ್ರಿ ಇಳಿಜಾರಿನಲ್ಲಿ ಅಳತೆ ಮಾಡಿ ನೋಡಿದ್ದಾರೆ, ಕೋಲು ಊರಿ ಇಳಿದಾಗ ಮಂಡಿಯ ಮೇಲಿನ ಹೊರೆ ನೂರಕ್ಕೆ 12ರಿಂದ 25ರಷ್ಟು ಕಡಿಮೆಯಾಗಿದೆ. ಇಳಿಯುವಾಗ ಕೋಲನ್ನು ಐದಾರು ಸೆಂಟಿಮೀಟರ್ ಉದ್ದ ಮಾಡಿಕೊಳ್ಳಿ. ಕೋಲು ಮೊದಲು ಊರಬೇಕು, ಕಾಲು ಆಮೇಲೆ. ಕೋಲಿಗೂ ಅಪಾಯ ಇದೆ: ಕೈ ಎರಡೂ ತುಂಬಿರುತ್ತವೆ. ಬಂಡೆ ಹಿಡಿದು ಇಳಿಯುವ ಜಾಗದಲ್ಲಿ, ಏಣಿಯಲ್ಲಿ ಕೋಲು ಮಡಚಿ ಬ್ಯಾಗಿಗೆ ಸೇರಬೇಕು.

ಇಳಿಯಲು ಶುರು ಮಾಡುವ ಮೊದಲು ಕೂತು ಶೂ ಲೇಸು ಬಿಚ್ಚಿ ಮತ್ತೆ ಕಟ್ಟಿ. ಹಿಮ್ಮಡಿಯನ್ನು ಹಿಂದಕ್ಕೆ ಒತ್ತಿ, ಪಾದದ ಗಂಟಿನ ಹತ್ತಿರ ಬಿಗಿಯಾಗಿ. ಇಲ್ಲದಿದ್ದರೆ ಪಾದ ಮುಂದೆ ಜಾರಿ ಹೆಬ್ಬೆರಳಿನ ಉಗುರು ಕಪ್ಪಾಗುತ್ತದೆ. ಮೇಲೆ ಪಿಠ್ಲ ಭಾಕ್ರಿ ಹೊಟ್ಟೆ ಬಿರಿಯ ತಿಂದು ಇಳಿಯುವವರನ್ನು ನೋಡಿದ್ದೇನೆ. ಅರ್ಧ ತಿನ್ನಿ, ಉಳಿದರ್ಧಕ್ಕೆ ನಡುವೆ ಒಂದೆರಡು ಸಲ ಚಿಕ್ಕಿ, ರಾಜಗಿರಿ ಉಂಡೆ, ನೀರು. ಇಪ್ಪತ್ತು ನಿಮಿಷಕ್ಕೊಮ್ಮೆ ಎರಡು ನಿಮಿಷ ನಿಲ್ಲಿ. ಜಾರಿ ಬೀಳುವುದು, ಪಾದ ಉಳುಕುವುದು ಇವೆಲ್ಲ ನನ್ನ ಬಳಿ ಬಂದವರಲ್ಲಿ ಹೆಚ್ಚಾಗಿ ಆಗಿದ್ದು ಕೊನೆಯ ಅರ್ಧ ತಾಸಿನಲ್ಲಿ, ಕೆಳಗೆ ಊರಿನ ಹೆಂಚು ಕಾಣತೊಡಗಿದ ಮೇಲೆ.

ಸೈಕಲ್ ಬಿಡಬೇಡಿ, ಅದು ಮಂಡಿಗೆ ಒಳ್ಳೆಯದು. ಸೀಟಿನ ಎತ್ತರ ಒಮ್ಮೆ ನೋಡಿ. ಪೆಡಲ್ ಕೆಳಗಿದ್ದಾಗ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು. ಸೀಟು ತಗ್ಗಿದ್ದರೆ ಮಂಡಿ ಜಾಸ್ತಿ ಮಡಚಿ ಚಿಪ್ಪಿನ ಹಿಂದೆ ಒತ್ತಡ ಏರುತ್ತದೆ. ಬದಲಿಸುವುದಾದರೆ ಅರ್ಧ ಸೆಂಟಿಮೀಟರಿನಷ್ಟು ಮಾತ್ರ, ಒಂದು ವಾರ ನೋಡಿ ಮತ್ತೆ. ಘಾಟಿನಲ್ಲಿ ದೊಡ್ಡ ಗೇರಿನಲ್ಲಿ ಗುಟುರು ಹಾಕುತ್ತಾ ತುಳಿಯಬೇಡಿ. ಗೇರ್ ಇಳಿಸಿ, ಕಾಲು ನಿಮಿಷಕ್ಕೆ ಎಪ್ಪತ್ತು ಸುತ್ತಿನಷ್ಟಾದರೂ ತಿರುಗುತ್ತಿರಲಿ.

ಇನ್ನು ನಿಮ್ಮ ಎರಡು ಆಸೆಗಳು. ಕಳಸೂಬಾಯಿ 1646 ಮೀಟರ್, ಮಹಾರಾಷ್ಟ್ರದ ಅತಿ ಎತ್ತರದ ಶಿಖರ. ಬಾರಿ ಊರಿನಿಂದ ಹತ್ತುವ ದಾರಿಯಲ್ಲಿ ಮೆಟ್ಟಿಲು, ಬಂಡೆ, ಕಬ್ಬಿಣದ ಏಣಿಗಳು ಇವೆ. ಏಣಿ ಇಳಿಯುವಾಗ ಮುಖ ಏಣಿಯ ಕಡೆಗೇ ಇರಲಿ. ಬೆನ್ನು ಮಾಡಿ ಇಳಿದರೆ ಮಂಡಿಗೂ ಕಷ್ಟ, ಜೀವಕ್ಕೂ ಅಪಾಯ. ಶನಿವಾರ ಭಾನುವಾರ ಏಣಿಯಲ್ಲಿ ಸಾಲು ನಿಂತಿರುತ್ತದೆ, ಹಿಂದಿನವರ ಗಡಿಬಿಡಿಗೆ ನೀವು ಓಡಬೇಕಾಗುತ್ತದೆ. ಸಾಧ್ಯವಾದರೆ ವಾರದ ನಡುವೆ ಒಂದು ರಜೆ ಹಾಕಿ ಹೋಗಿ. ಎಂಟು ವಾರದ ಅಭ್ಯಾಸ ಮುಗಿದು, ಸಿಂಹಗಡ ಇಳಿದ ಮರುದಿನ ಮೆಟ್ಟಿಲಿಗೆ ಹೆದರಿಕೆ ಇಲ್ಲದಿದ್ದರೆ ಡಿಸೆಂಬರಿನಲ್ಲಿ ಹೋಗಬಹುದು. ಹೆದರಿಕೆ ಇದ್ದರೆ ಜನವರಿಯಲ್ಲೂ ಕಳಸೂಬಾಯಿ ಅಲ್ಲೇ ಇರುತ್ತಾಳೆ, ಚಳಿಯೂ ಇರುತ್ತದೆ.

ಹಂಪ್ತಾ ಬೇರೆ ಥರ. ಶಿಖರವಾದರೆ ಮಂಡಿ ಹಟ ಹಿಡಿದಲ್ಲೇ ತಿರುಗಿ ಬರಬಹುದು. ಪಾಸ್ ಎಂದರೆ ಒಂದು ಕಣಿವೆಯಿಂದ ಹತ್ತಿ ಇನ್ನೊಂದು ಕಣಿವೆಗೆ ಇಳಿಯುವುದು. ಇಲ್ಲಿ ಮರಾಠಿಯಲ್ಲಿ ಖಿಂಡ್ ಅನ್ನುತ್ತಾರಲ್ಲ, ಕೇಳಿದಾಗೆಲ್ಲ ನನಗೆ ನಮ್ಮ ಕಿಂಡಿ ನೆನಪಾಗುತ್ತದೆ. ಕಿಂಡಿ ದಾಟಿದ ಮೇಲೆ ಆಚೆ ಬದಿ ಇಳಿಯಲೇಬೇಕು. ಕುಲ್ಲೂ ಕಡೆಯಿಂದ ಹತ್ತಿ ಸುಮಾರು 4270 ಮೀಟರ್ ಮುಟ್ಟಿ, ಅದೇ ದಿನ ಲಾಹೌಲ್ ಕಡೆಯ ಶಿಯಾ ಗೋರು ಬಿಡಾರಕ್ಕೆ ಕಡಿದಾದ ಇಳಿತ. ಜೂನ್ ಕೊನೆಯಲ್ಲಿ ಅಲ್ಲಿ ಹಿಮವೂ ಇರುತ್ತದೆ. ದಿನವಿಡೀ ನಡೆದು ಸುಸ್ತಾದ ತೊಡೆಗೆ ಆ ಇಳಿತ ಬರುವುದು. ಹಾಗಾಗಿ ಮಾರ್ಚ್‌ನಿಂದ ಸತತ ಎರಡು ದಿನದ ಅಭ್ಯಾಸ ಮಾಡಿ, ಶನಿವಾರ ಒಂದು ಗಡ, ಭಾನುವಾರ ಇನ್ನೊಂದು. ಎರಡನೇ ದಿನ ಇಳಿಯುವಾಗ ಮಂಡಿ ಏನು ಹೇಳುತ್ತದೆ ಎಂಬುದೇ ಹಂಪ್ತಾದ ಉತ್ತರ. ಎತ್ತರದ ಗಾಳಿಯ ವಿಷಯವೇ ಬೇರೆ. ಅದಕ್ಕೆ ತೊಡೆಯ ಬಲವೂ ಸಿಂಹಗಡದ ಅಭ್ಯಾಸವೂ ನೆರವಾಗುವುದಿಲ್ಲ, ಮೇಲೆ ನಿಧಾನ ಹೋಗುವುದೊಂದೇ ದಾರಿ. ದಿನ ಉಳಿಸುವ ಯೋಜನೆ ಇದ್ದರೆ ಒಪ್ಪಬೇಡಿ. ನಿಮ್ಮ ಬ್ಯಾಗನ್ನು ಕುದುರೆಗೆ ಹೊರಿಸುವ ವ್ಯವಸ್ಥೆ ಇದ್ದರೆ ಅದಕ್ಕೆ ದುಡ್ಡು ಕೊಡಿ.

ಇಷ್ಟೆಲ್ಲ ಮಾಡಿಯೂ ಒಂದು ದಿನ ಗುಡ್ಡದ ಮಧ್ಯೆ ಎಡಮಂಡಿ ನೋಯಬಹುದು. ಆಗ ಕೂತು ಜಾರಬೇಡಿ. ಒಂದು ಮೆಟ್ಟಿಲು, ಎರಡೂ ಕಾಲು ಕೂಡಿಸಿ, ಮತ್ತೊಂದು ಮೆಟ್ಟಿಲು. ಯಾವ ಕಾಲು ಮೊದಲು ಎಂದು ಅವ್ವನನ್ನು ಕೇಳಿ. ಮಂಡಿ ಬದಲಿಸಿದ ಮೇಲೆ ಮೆಟ್ಟಿಲಿನ ಹತ್ತಿರ ನಿಲ್ಲಿಸಿ ಅವರಿಗೆ ಕಲಿಸಿಯೇ ಇರುತ್ತಾರೆ: ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಕೆಳಗೆ ಹೋದ ಕಾಲು ಸುಮ್ನೆ ನೆಲ ಮುಟ್ಟುತ್ತದೆ, ತಡೆಯುವ ಕೆಲಸವೆಲ್ಲ ಮೇಲೆ ಉಳಿದ ಕಾಲಿನದು. ಮುಂದಿನ ಸಲ ಧಾರವಾಡಕ್ಕೆ ಹೋದಾಗ ಅವ್ವನ ಮನೆಯ ಮೆಟ್ಟಿಲ ಮೇಲೆ ಅವರಿಂದಲೇ ಮಾಡಿಸಿ ನೋಡಿ.